ಅವರ ಮೈಯಲ್ಲಿ ಅವರ ಅಕ್ಕ

ಕುಂದಾಪುರದ ಲ್ಯಾಬಿನಲ್ಲಿ ರಿಪೋರ್ಟು ಕೊಡುವ ಹೆಂಗಸು ನನ್ನನ್ನು ಕೌಂಟರಿನ ಪಕ್ಕಕ್ಕೆ ಕರೆದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳಿದರು: "ಇದ್ ನಿಮ್ ಯಜಮಾನ್ರದ್ದೇ ರಕ್ತವಾ?"

"ಹೌದಲೆ. ಬೆಳಿಗ್ಗೆ ನೀವೇ ತೆಗ್ದದ್ದಲ್ದಾ?"

"ಹಳೇ ಫೈಲಂಗೆ ಬಿ ಪಾಸಿಟಿವ್ ಅಂತ ಇತ್ತ್. ಈಗ ಕಂಡ್ರೆ ಓ ಪಾಸಿಟಿವ್ ಬತ್ತ್. ಎಲ್ಲೋ ತಪ್ಪಾಯ್ತ್ ಕಾಣಿ. ಅವ್ರನ್ನ ಒಳ್ಗೆ ಕರೀನಿ, ಇನ್ನೊಂದ್ ಸಲ ತೆಗಿತೆ."

ತಪ್ಪಾಗಿರಲಿಲ್ಲ. ಹೀಗಾಗುತ್ತದೆ ಎಂದು ಬೆಂಗಳೂರಿನ ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಡಾಕ್ಟರು ಹೇಳುವಾಗ ತಲೆಯಾಡಿಸುವುದು ಬೇರೆ, ಅದೇ ಮಾತು ಕಾಗದದ ಮೇಲೆ ಅಚ್ಚಾಗಿ ಕೈಗೆ ಬರುವುದು ಬೇರೆ. ಅವರಿಗೆ ಸ್ಟೆಮ್ ಸೆಲ್ ಕಸಿ ಆಗಿದೆ, ಕೊಟ್ಟವರು ಅವರ ಸ್ವಂತ ಅಕ್ಕ, ಅಕ್ಕನದು ಓ ಗುಂಪು ಎಂದು ನಾನು ವಿವರಿಸಿದೆ. ಆ ಹೆಂಗಸು ಕಿಟಕಿಯಿಂದ ಹೊರಗೆ ನೋಡಿದರು. ನನ್ನ ಗಂಡ ಮಾಸ್ಕ್ ಹಾಕಿಕೊಂಡು, ಜನರಿಂದ ದೂರ, ಬಾದಾಮಿ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು.

"ಹಾಂಗಾರೆ ಆ ರಕ್ತ ಮಾಡುದ್ ಅವ್ರಲ್ದಾ? ಅವ್ರ ಅಕ್ಕನಾ?"

ಆ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು.

ನನ್ನ ಗಂಡ ಗಂಗೊಳ್ಳಿ ಬಂದರಿನಲ್ಲಿ ಮೀನು ಏಲಂ ಕೂಗುವವರು. ದೋಣಿ ಬಂದು ಬುಟ್ಟಿಗಳು ಸಾಲಾಗಿ ಕೂತ ಮೇಲೆ, ದರ ಏರಿಸುತ್ತ ಏರಿಸುತ್ತ ಒಂದು ಕಡೆ ನಿಲ್ಲಿಸುವ ಕೆಲಸ. ನಾನು ಕುಂದಾಪುರದ ಪೇಟೆಯಲ್ಲಿ ರವಿಕೆ ಹೊಲಿಯುವವಳು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರೇ. ಅವರ ಗಂಟಲು ಎಷ್ಟು ದೊಡ್ಡದೆಂದರೆ ಫೋನಿನಲ್ಲಿ ಮಾತಾಡುವಾಗ ಆಚೆ ಬದಿಯವರು ಫೋನಿಲ್ಲದೆಯೂ ಕೇಳಿಸಿಕೊಳ್ಳಬಹುದಿತ್ತು. ಆ ಗಂಟಲು ಒಂದು ಮಳೆಗಾಲದಲ್ಲಿ ಸಣ್ಣದಾಯಿತು. ಬಿಟ್ಟುಬಿಟ್ಟು ಜ್ವರ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ. ಪೇಟೆಯ ಡಾಕ್ಟರು ರಕ್ತ ನೋಡಿದವರೇ ದೊಡ್ಡ ಆಸ್ಪತ್ರೆಗೆ ಕಳಿಸಿದರು, ದೊಡ್ಡ ಆಸ್ಪತ್ರೆಯವರು ರಕ್ತದ ಕ್ಯಾನ್ಸರ್ ಎಂದರು. ಔಷಧಿಯಿಂದ ಒಮ್ಮೆ ಹಿಡಿತಕ್ಕೆ ಬಂತು. ಆದರೆ ಅಲ್ಲಿಂದ ಬೆಂಗಳೂರಿಗೆ ಹೋದಾಗ, ಮತ್ತೆ ಬರದೇ ಇರಬೇಕಾದರೆ ಮೂಳೆಯೊಳಗಿನ ಮಜ್ಜೆಯನ್ನೇ ಸುಟ್ಟು ಹಾಕಿ ಹೊಸ ಬೀಜ ಬಿತ್ತಬೇಕು ಎಂದರು. ಬೀಜ ಎಂಬ ಮಾತು ಬೆಂಗಳೂರಿನ ಡಾಕ್ಟರದೇ. ನನಗೆ ಅದು ಚೆನ್ನಾಗಿ ಅರ್ಥವಾಯಿತು.

ಬೀಜ ಒಡಹುಟ್ಟಿದವರಲ್ಲಿ ಸಿಗುವ ಸಂಭವ ಹೆಚ್ಚು. ಅವರಿಗೆ ಇಬ್ಬರು: ಮುಂಬಯಿಯಲ್ಲಿ ಹೋಟೆಲು ನಡೆಸುವ ತಮ್ಮ, ಬೈಂದೂರಿನ ಹತ್ತಿರ ಉಪ್ಪುಂದದಲ್ಲಿರುವ ಅಕ್ಕ. ತಮ್ಮನದು ಹೊಂದಲಿಲ್ಲ. ಅಕ್ಕನದು ಪೂರ್ತಿ ಹೊಂದಿತು. ನಾನು ಅತ್ತಿಗೆ ಎಂದು ಕರೆಯುವ ಈ ಅಕ್ಕ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡವರು, ಜೋರು ಬಾಯಿಯವರು. ಅವರ ಅಂಗಡಿಯಲ್ಲಿ ಸಾಮಾನು ಆರಿಸುವುದು ಗಿರಾಕಿಗಳಲ್ಲ, ಅವರು. ಫೋನಿನಲ್ಲಿ ವಿಷಯ ಹೇಳಿದಾಗ ಒಂದೇ ಮಾತು: "ನನ್ ತಮ್ಮ ಅಲ್ದಾ? ತೆಗೀಲಿ. ಎಷ್ಟ್ ಬೇಕಾರೂ ತೆಗೀಲಿ."

ನಾನು ದೊಡ್ಡ ಆಪರೇಶನ್ ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಅತ್ತಿಗೆಗೆ ಕೆಲವು ದಿನ ಇಂಜೆಕ್ಷನ್ ಕೊಟ್ಟರು. ಸೊಂಟದ ಮೂಳೆ ಒಳಗಿಂದ ಯಾರೋ ಗುದ್ದಿದ ಹಾಗೆ ನೋಯುತ್ತದೆ ಎಂದು ಅತ್ತಿಗೆ ಹೇಳುತ್ತಿದ್ದರು. ಆಮೇಲೆ ಎರಡೂ ಕೈಗೆ ಸೂಜಿ ಚುಚ್ಚಿ, ಒಂದು ಕೈಯ ರಕ್ತ ಮಷೀನಿಗೆ ಹೋಗಿ ಇನ್ನೊಂದು ಕೈಗೆ ವಾಪಸು ಬರುವ ಹಾಗೆ ಮಾಡಿ ಮಲಗಿಸಿದರು. ಸಂಜೆಗೆ ಒಂದು ಸಣ್ಣ ಚೀಲ ತುಂಬಿತು. ಬಣ್ಣ ತಿಳಿ ಟೊಮೆಟೊ ಸಾರಿನದು. ಮರುದಿನ ಅದನ್ನು ನನ್ನ ಗಂಡನಿಗೆ ಸಲೈನಿನ ಹಾಗೆ ನೇತುಹಾಕಿ ಬಿಟ್ಟರು. ಅವರಿಗೆ ನಿದ್ದೆ ಬಂದಿತ್ತು. ನಾನು ಗಾಜಿನ ಆಚೆಯಿಂದ ನೋಡುತ್ತ, ಆ ಜೀವಕಣಗಳಿಗೆ ಮೂಳೆಯ ದಾರಿ ಯಾರು ತೋರಿಸುತ್ತಾರೆ ಎಂದು ಯೋಚಿಸುತ್ತಿದ್ದೆ. ನರ್ಸನ್ನು ಕೇಳಿದೆ. "ಅವಕ್ಕೇ ಗೊತ್ತಿರುತ್ತೆ ಅಮ್ಮ, ಹುಡುಕಿಕೊಂಡು ಹೋಗ್ತವೆ" ಎಂದಳು. ಮೊದಲ ಸಲ ಹೋಗುವ ಊರಿಗೆ ಯಾರನ್ನೂ ಕೇಳದೆ ಹೋಗಿ ತಲುಪುವುದು ಎಂದರೆ ಸುಮ್ಮನೆಯೇ?

ನಂತರದ ವಾರಗಳು ಕಷ್ಟದವು. ಬಾಯೆಲ್ಲ ಹುಣ್ಣು, ಜ್ವರ, ನೀರು ಕುಡಿದರೂ ವಾಂತಿ. ಒಂದು ಬೆಳಿಗ್ಗೆ ಡಾಕ್ಟರು ನಗುತ್ತ ಒಳಗೆ ಬಂದು, ಬಿಳಿ ಕಣಗಳು ಏಳುತ್ತಿವೆ ಎಂದರು. ನನಗೆ ಕುಣಿಯಬೇಕೆನಿಸಿತು, ಕೂತು ಅತ್ತುಬಿಟ್ಟೆ. ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಹಿಡಿದು ಕೆಲವು ತಿಂಗಳು ಇದ್ದು, ಆಮೇಲೆ ಊರಿಗೆ ಬಂದೆವು.

ಮನೆಯಲ್ಲಿ ನನ್ನ ಕೆಲಸ ಬದಲಾಯಿತು. ಬಾವಿಯ ನೀರು ಕುದಿಸಿಯೇ ಕುಡಿಯಬೇಕು. ಹಸಿ ತರಕಾರಿ ಇಲ್ಲ, ನಿನ್ನೆಯ ಸಾರು ಇಲ್ಲ. ನಾನು ಅಂಗಡಿ ಮುಚ್ಚಿ ಹೊಲಿಗೆ ಮಷೀನನ್ನು ಮನೆಗೆ ತಂದೆ. ಬಟ್ಟೆಯ ನೂಲುಪುಡಿ ಹಾರಬಾರದೆಂದು ಹಿಂದಿನ ಚಾವಡಿಯಲ್ಲಿಟ್ಟೆ. ನೋಡಲು ಬಂದವರು ಗೇಟಿನ ಹೊರಗೇ ನಿಲ್ಲಬೇಕು. ಬಂದರಿನ ಜನಕ್ಕೆ ದೂರ ನಿಂತು ಮಾತಾಡುವುದು ಕಷ್ಟವೇನಲ್ಲ.

"ಹ್ವಾಯ್! ಹ್ಯಾಂಗಿತ್ತ್ ಈಗ?" ಎಂದು ರಸ್ತೆಯಿಂದ ಕೂಗುತ್ತಿದ್ದರು.

ಇವರು ಜಗಲಿಯಿಂದ ಕೈ ಎತ್ತುತ್ತಿದ್ದರು. ತಿರುಗಿ ಕೂಗುವಷ್ಟು ಉಸಿರಿರಲಿಲ್ಲ.

ನನಗೆ ಅತಿ ಕುತೂಹಲ ಹುಟ್ಟಿಸಿದ್ದು ಅವರ ನಾಲಿಗೆ. ಏನು ಕೊಟ್ಟರೂ ಒಂದೋ ತುಕ್ಕಿನ ರುಚಿ, ಇಲ್ಲ ಕಾಗದದ್ದು. ಮೊದಮೊದಲು ಉಪ್ಪು ಹೆಚ್ಚಿಸಿ, ಖಾರ ಕಡಿಮೆ ಮಾಡಿ ಒದ್ದಾಡಿದೆ. ಆಮೇಲೆ ಒಂದು ಬುದ್ಧಿ ಬಂತು. ದಿನಾ ಊಟಕ್ಕೆ ಮುಂಚೆ ತಟ್ಟೆಯ ಅಂಚಿಗೆ ಚೂರು ಬೆಲ್ಲ, ಚೂರು ಉಪ್ಪು, ಪುನರ್ಪುಳಿ ಕುದಿಸಿದ ನೀರಿನ ಒಂದು ಚಮಚ, ಬೇಯಿಸಿದ ಹಾಗಲದ ಒಂದು ತುಂಡು ಇಡುವುದು. "ಎಂತ ಗೊತ್ತಾತ್ತ್ ಹೇಳಿ."

"ನಾ ಎಂತ ಶಾಲೆ ಮಗುವಾ?" ಎಂದು ಸಿಡುಕುತ್ತಿದ್ದರು. ಆದರೂ ಕಣ್ಣು ಮುಚ್ಚಿ ಒಂದೊಂದನ್ನೇ ನಾಲಿಗೆಗೆ ತಾಗಿಸುತ್ತಿದ್ದರು. ಮೊದಲು ಬಂದದ್ದು ಹುಳಿ. ಪುನರ್ಪುಳಿ ಬಾಯಿಗೆ ಬಿದ್ದದ್ದೇ ಮುಖ ಕಿವುಚಿದರು. ನಾನು ಚಪ್ಪಾಳೆ ತಟ್ಟಿದೆ. ಸಿಹಿ ಬಹಳ ತಡವಾಗಿ ಬಂತು, ಕಹಿ ಅದಕ್ಕೂ ತಡ. ಬೆಲ್ಲಕ್ಕೆ ರುಚಿ ಬಂದ ದಿನ ಇನ್ನೊಂದು ಚೂರು ಎಂದು ಬೆರಳಿನಿಂದ ತೋರಿಸಿದರು.

ಲ್ಯಾಬಿನ ಹೆಂಗಸಿನ ಪ್ರಶ್ನೆಯನ್ನು ನಾನು ಮುಂದಿನ ಸಲ ಬೆಂಗಳೂರಿಗೆ ಹೋದಾಗ ಡಾಕ್ಟರ ಮುಂದಿಟ್ಟೆ. ಅವರು ತಾಳ್ಮೆಯವರು. ನನ್ನ ಗಂಡನ ಚರ್ಮ, ಕೂದಲು, ಹೃದಯ ಎಲ್ಲ ಅವರದ್ದೇ, ಆದರೆ ರಕ್ತ ಹುಟ್ಟಿಸುವ ಮಜ್ಜೆ ಈಗ ಅಕ್ಕನದು ಎಂದರು. ಪರೀಕ್ಷೆ ಮಾಡಿದಾಗ ರಕ್ತದ ಕಣಗಳೆಲ್ಲ ಹೆಂಗಸಿನವೇ ಸಿಕ್ಕಿದ್ದವಂತೆ.

ಇವರು ಬೆಚ್ಚಿಬಿದ್ದರು. "ಹೆಂಗ್ಸಿಂದಾ?"

"ಹಾಗಾದ್ರೆ ಅತ್ತಿಗೆಯ ಮಂಡಿನೋವೂ ಇವರಿಗೆ ಬರ್ತದಾ?" ಎಂದು ನಾನು ಕೇಳಿದೆ.

"ಮಂಡಿನೋವು ಮಜ್ಜೆಯಿಂದ ಬರೋದಲ್ಲ, ವಯಸ್ಸಿಂದ ಬರುತ್ತೆ" ಎಂದು ಡಾಕ್ಟರು ನಕ್ಕರು. "ಆದರೆ ರೋಗದ ಜೊತೆ ಹೋರಾಡೋ ನೆನಪೆಲ್ಲ ರಕ್ತದಲ್ಲಿರುತ್ತೆ. ಇವರ ಹಳೆಯ ನೆನಪು ಹೆಚ್ಚುಕಡಿಮೆ ಅಳಿಸಿಹೋಗಿದೆ. ಚಿಕ್ಕಂದಿನ ಲಸಿಕೆಗಳನ್ನೂ ಮತ್ತೆ ಹಾಕಿಸಬೇಕು."

ಅತ್ತಿಗೆಗೆ ಈ ಸುದ್ದಿ ಮುಟ್ಟಿದ್ದೇ ತಡ, ಉಪ್ಪುಂದದಿಂದ ದಿನಾ ಫೋನು. "ನನ್ ರಕ್ತಕ್ಕೆ ಇವತ್ ಎಂತ ಉಣ್ಸಿದೆ?" ಎಂದು ಕೇಳುತ್ತಿದ್ದರು. ತಮ್ಮ ಸಿಟ್ಟು ಮಾಡಿದರೆ, "ಕಂಡ್ಯಾ, ಅದ್ ಅವ್ನದ್ದಲ್ಲ, ನನ್ನದೇ!"

ಲಸಿಕೆಗಾಗಿ ನಮ್ಮನ್ನು ಕುಂದಾಪುರದ ಒಬ್ಬ ಮಕ್ಕಳ ಡಾಕ್ಟರ ಬಳಿಗೆ ಕಳಿಸಿದರು. ಅವೆಲ್ಲ ಅವರ ಫ್ರಿಜ್ಜಿನಲ್ಲಿಯೇ ಇರುವುದು. ಗದ್ದಲವಾಗುವ ಮೊದಲೇ ಬನ್ನಿ ಎಂದಿದ್ದರು. ಮದುವೆಯಾಗಿ ಇಷ್ಟು ವರ್ಷಗಳಾದರೂ ಮಕ್ಕಳ ಕ್ಲಿನಿಕ್ಕಿನ ಬೆಂಚಿನ ಮೇಲೆ ನಾನು ಕೂತದ್ದು ಅದೇ ಮೊದಲು. ಗೋಡೆಯ ಮೇಲೆ ಆನೆ, ಜಿರಾಫೆ. ಮೂಲೆಯಲ್ಲಿ ತೂಕದ ತೊಟ್ಟಿಲು. ಚೀಟಿ ಬರೆಯುವ ಹುಡುಗಿ ತಲೆಯೆತ್ತದೆ ಕೇಳಿದಳು: "ಮಗಿನ ವಯಸ್ಸ್?"

"ಐವತ್ತೆರಡ್" ಎಂದರು ಇವರು.

ಅವಳು ತಲೆಯೆತ್ತಿದಳು. "ಮಗು ಎಲ್ಲಿತ್ತ್?"

"ನಾನೇಯ."

ಪಕ್ಕದಲ್ಲಿ ಒಬ್ಬಳು ತಾಯಿ ಎಳೆಗೂಸನ್ನು ಮಡಿಲಲ್ಲಿಟ್ಟು ಕೂತಿದ್ದಳು. ಅವಳಿಗೆ ಮೊದಲು ಗಾಬರಿ, ಆಮೇಲೆ ನಗು. ನಾನು ವಿಷಯ ಹೇಳಿದೆ. ಅವಳು ಮಗುವನ್ನು ನೋಡಿ, ಇವರನ್ನು ನೋಡಿ, "ಹಾಂಗಾರೆ ಇಬ್ರಿಗೂ ಇವತ್ ಒಂದೇ ಸೂಜಿಯಾ?" ಎಂದು ಕೇಳಿದಳು. ಹೆಚ್ಚುಕಡಿಮೆ ಅವೇ ಲಸಿಕೆಗಳು. ಒಳಗೆ ಮೊದಲು ಮಗು ಹೋಯಿತು. ಅದರ ಕಿರುಚಾಟ ಕೇಳಿ ಇವರ ಕೈ ನನ್ನ ಕೈಯನ್ನು ಹಿಡಿದುಕೊಂಡಿತು. ವರ್ಷವಿಡೀ ಸೂಜಿ ಚುಚ್ಚಿಸಿಕೊಂಡ ಮನುಷ್ಯ! ಹೊರಗೆ ಬರುವಾಗ ಡಾಕ್ಟರು ಮಗುವಿಗೆ ಕೊಡುವ ಹಾಗೆ ಇವರಿಗೂ ಒಂದು ಹಳದಿ ಕಾರ್ಡು ಕೊಟ್ಟರು. ಮುಂದಿನ ಭೇಟಿಗಳಲ್ಲಿ ಆ ಹುಡುಗಿ ವಯಸ್ಸು ಕೇಳಲಿಲ್ಲ. "ನಮ್ ದೊಡ್ಡ ಮಗು ಬಂತ್ ಡಾಕ್ಟ್ರೇ" ಎಂದು ಒಳಗೆ ಹೇಳುತ್ತಿದ್ದಳು.

ಅಷ್ಟು ಹೊತ್ತಿಗೆ ಮಾತ್ರೆಗಳು ಒಂದೊಂದಾಗಿ ಇಳಿದಿದ್ದವು. ಚೆನ್ನಾಗಿ ಬೆಂದ ಮೀನು ಮೊದಲೇ ಶುರುವಾಗಿತ್ತು. ಈಗ ಸಿಗಡಿ, ಏಡಿ ಎಲ್ಲ ತಿನ್ನಬಹುದು, ಬಿಸಿಬಿಸಿ ಇರಲಿ ಎಂದು ಡಾಕ್ಟರು ಅಪ್ಪಣೆ ಕೊಟ್ಟರು. ಬ್ರಹ್ಮಾವರದಲ್ಲಿ ನನ್ನ ತವರು. ಅಮ್ಮ ಕಾಯುತ್ತಲೇ ಇದ್ದಳು. ಒಂದು ಭಾನುವಾರ ಅಣ್ಣ ಕಾರು ತಂದ. ಕಾಯಿಲೆಯ ನಂತರ ಆಸ್ಪತ್ರೆಯಲ್ಲದ ಕಡೆಗೆ ನಾವು ಹೊರಟದ್ದು ಅದೇ ಮೊದಲು. ಇವರು ಕಿಟಕಿಯ ಗಾಜಿಳಿಸಿ ಕೂತು, ಸಾಸ್ತಾನದ ಟೋಲಿನಲ್ಲಿ ನಿಂತ ಲಾರಿಗಳನ್ನೂ ಹೊಸದೇನೋ ಎಂಬಂತೆ ನೋಡುತ್ತಿದ್ದರು.

ಅಮ್ಮ ಸಿಗಡಿ ಸುಕ್ಕ ಮಾಡಿದ್ದಳು. ನಮ್ಮ ಕಡೆ ಸಿಗಡಿಗೆ ಚಟ್ಲಿ ಎನ್ನುತ್ತಾರೆ. ಚಟ್ಲಿ ಎಂದರೆ ಇವರಿಗೆ ಮದುವೆಯ ಊಟಕ್ಕಿಂತ ಹೆಚ್ಚು. ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. "ಬಂತ್. ಎಲ್ಲ ರುಚಿಯೂ ಬಂತ್" ಎಂದರು. ಅಮ್ಮ ಇನ್ನೊಂದು ಸೌಟು ಹಾಕಿದಳು.

ಊಟ ಮುಗಿಯುವ ಮೊದಲೇ ಅವರು ಕುತ್ತಿಗೆ ತುರಿಸತೊಡಗಿದರು. ಸೆಕೆ ಇರಬೇಕೆಂದು ಅಣ್ಣ ಫ್ಯಾನು ಜೋರು ಮಾಡಿದ. ನೋಡುನೋಡುತ್ತಿದ್ದಂತೆ ಎದೆ, ಕೈ ಎಲ್ಲ ಕೆಂಪು ದದ್ದು. ತುಟಿ ಊದಿ ಬೇರೆ ಯಾರದ್ದೋ ತುಟಿಯಂತಾಯಿತು. "ಉಸ್ರ್ ಕಟ್ಟತ್ತ್" ಎಂದರು. ಕೊಟ್ಟವರ ಕಣಗಳು ಪಡೆದವರ ಮೈ ಮೇಲೆಯೇ ತಿರುಗಿಬೀಳುವುದುಂಟು, ಚರ್ಮ ಕೆಂಪಾದರೆ ತಕ್ಷಣ ಹೇಳಿ ಎಂದು ಬೆಂಗಳೂರಿನಲ್ಲಿ ಎಷ್ಟು ಸಲ ಎಚ್ಚರಿಸಿದ್ದರು. ಇಷ್ಟು ದೂರ ಬಂದ ಮೇಲೆ ಅದೇ ಆಯಿತೆಂದುಕೊಂಡೆ.

ಅಣ್ಣ ಹತ್ತಿರದ ಆಸ್ಪತ್ರೆಗೆ ಕಾರು ಓಡಿಸಿದ. ಅಲ್ಲಿಯ ಡಾಕ್ಟರಮ್ಮ ಒಂದೇ ನೋಟಕ್ಕೆ ತೊಡೆಗೆ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಚ್ಚಿ, ಆಮೇಲೆ ಕೇಳಿದರು: "ಏನು ತಿಂದದ್ದು?"

"ಚಟ್ಲಿ. ಆದರೆ ಅದನ್ನ ಹುಟ್ಟಿದಲ್ಲಿಂದ ತಿನ್ನುತ್ತಿದ್ದಾರೆ ಮೇಡಂ, ಬಂದರಿನವರು."

"ಇದು ಅಲರ್ಜಿಯೇ" ಎಂದರು ಅವರು. ಉಸಿರು ಸರಿಹೋಗಿ ತುಟಿ ಇಳಿಯತೊಡಗಿದ ಮೇಲೆ ನಾನು ಹೊರಗೆ ಬಂದು ಬೆಂಗಳೂರಿಗೆ ಫೋನು ಮಾಡಿದೆ. ಡಾಕ್ಟರು ಎಲ್ಲ ಕೇಳಿಸಿಕೊಂಡರು.

"ಅಮ್ಮ, ಒಂದು ಪ್ರಶ್ನೆ. ಅವರ ಅಕ್ಕನಿಗೆ ಸಿಗಡಿ ಆಗುತ್ತಾ?"

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅತ್ತಿಗೆ ಚಟ್ಲಿ ತಿನ್ನುವುದಿಲ್ಲ. ಇದು ಇಡೀ ಬಳಗಕ್ಕೆ ಗೊತ್ತಿದ್ದ ಸಂಗತಿ, ಇಡೀ ಬಳಗದ ತಮಾಷೆಯೂ ಹೌದು. ಕಡಲ ಕರೆಯಲ್ಲಿ ಹುಟ್ಟಿ, ದೋಣಿಯವನನ್ನು ಮದುವೆಯಾಗಿ, ಚಟ್ಲಿ ಕಂಡರೆ ಮಾರು ದೂರ ಓಡುವ ಹೆಂಗಸು. ಅದು ಬಿಂಕ ಎಂದು ಅವರ ಅತ್ತೆ ಸಾಯುವವರೆಗೂ ಹೇಳುತ್ತಿದ್ದರಂತೆ. ಚಿಕ್ಕವರಿದ್ದಾಗ ತಮ್ಮಂದಿರು ಅವರ ಜಡೆಗೆ ಚಟ್ಲಿ ಕಟ್ಟಿ ಓಡಿದ್ದ ಕತೆ ನನ್ನ ಗಂಡನೇ ಎಷ್ಟೋ ಸಲ ನಗುನಗುತ್ತ ಹೇಳಿದ್ದುಂಟು.

"ಅಪರೂಪ, ಆದರೆ ಹೀಗೆ ದಾಟಿ ಬರೋದುಂಟು" ಎಂದರು ಡಾಕ್ಟರು. "ಪರೀಕ್ಷೆ ಮಾಡೋಣ. ಅಲ್ಲಿಯವರೆಗೆ ಮುಟ್ಟೋದು ಬೇಡ. ನಾವೂ ಮೊದಲೇ ಕೇಳಬೇಕಿತ್ತು."

ಪರೀಕ್ಷೆಯೂ ಅದನ್ನೇ ಹೇಳಿತು. ಅತ್ತಿಗೆಗೆ ನಾನು ಫೋನು ಮಾಡಲಿಲ್ಲ. ಈ ಮಾತನ್ನು ಇವರೇ ಹೇಳಬೇಕೆಂದು ಕೈಗೆ ಫೋನು ಕೊಟ್ಟೆ. ಸ್ಪೀಕರಿನಲ್ಲಿಟ್ಟು ಹೇಳಿದರು.

"ತುಟಿ ಊದಿತಾ?" ಎಂದು ಜೋರು ಬಾಯಿಯ ಅತ್ತಿಗೆ ದನಿ ತಗ್ಗಿಸಿ ಕೇಳಿದರು.

"ಊದಿತ್."

"ಗಂಟ್ಲ್ ಒಳ್ಗೆ ಯಾರೋ ಹಗ್ಗ ಹಾಕಿ ಎಳ್ದಾಂಗೆ ಆತ್ತಲ್ದಾ?"

"ಹೌದ್ ಅಕ್ಕ. ಹಾಂಗೇ."

"ನಾ ಹೇಳ್ರೆ ಯಾರೂ ನಂಬಲ್ಲೆ" ಎಂದರು ಅತ್ತಿಗೆ. "ಹೆತ್ತ ಅಬ್ಬಿಯೂ ನಂಬಲ್ಲೆ. ಅತ್ತೆ ಸಾರಿನೊಳ್ಗೆ ಚಟ್ಲಿ ಗೊತ್ತಾಗ್ದೆ ಹಾಕಿ ಕೊಟ್ಟದ್ದಿತ್ತ್. ಆ ದಿನ ನಾ ಸಾಯ್ಕಿತ್ತ್. ಈಗ ಗೊತ್ತಾಯ್ತಲೆ ನಿಂಗೆ."

ಇವರು ನನ್ನ ಮುಖ ನೋಡಿದರು. ಆಮೇಲೆ, "ಜಡೆಗೆ ಕಟ್ಟದ್ದ್ ನಾನೇ ಅಕ್ಕ" ಎಂದರು.

"ಅದ್ ನಂಗ್ ಗೊತ್ತಿಲ್ಯಾ?" ಎಂದವರೇ ಅತ್ತಿಗೆ ನಕ್ಕರು. ಆ ನಗು ಅಳುವಿಗೆ ತಿರುಗಿ, ಮತ್ತೆ ನಗುವಾಗಿ, ನಾವು ಮೂವರೂ ಎರಡೂ ಮಾಡುತ್ತ ಕೂತೆವು. ಮುಂದಿನ ವಾರ ಅವರು ಬಸ್ಸಿನಲ್ಲಿ ಬಂದು ಇಳಿದರು. ಇಬ್ಬರನ್ನೂ ಎದುರುಬದುರು ಕೂರಿಸಿ ಬಂಗಡೆ ಮೀನಿನ ಸಾರು ಬಡಿಸಿದೆ. ಯಾವುದರಿಂದ ಎಷ್ಟು ತುರಿಕೆ, ಏಡಿ ಬೇಯುವ ಹಬೆ ಮೂಗಿಗೆ ಬಡಿದರೆ ಏನಾಗುತ್ತದೆ, ಮದುವೆಯ ಮನೆಯಲ್ಲಿ ಚಟ್ಲಿಗೆ ಹಾಕಿದ ಸೌಟು ಬದಲಾಗಿದೆಯೇ ಎಂದು ಹೇಗೆ ಕೇಳಬೇಕು ಎಂದೆಲ್ಲ ಅತ್ತಿಗೆ ಹೇಳಿಕೊಡುತ್ತಿದ್ದರು. ಇಷ್ಟು ವರ್ಷ ಒಬ್ಬರೇ ಕಲಿತ ಪಾಠ ಅದು. ತಮ್ಮ ಗಮನವಿಟ್ಟು ಕೇಳುತ್ತಿದ್ದರು. ಅವರಿಬ್ಬರು ಅಷ್ಟು ಹೊತ್ತು ಜಗಳವಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಅಂದೇ.

ಈಗ ಇವರು ಮತ್ತೆ ಬಂದರಿಗೆ ಹೋಗುತ್ತಾರೆ. ವಾರವಿಡೀ ಅಲ್ಲ, ಚಟ್ಲಿ ಬುಟ್ಟಿಗಳ ಹತ್ತಿರಕ್ಕೂ ಅಲ್ಲ. ಅವನ್ನು ಇನ್ನೊಬ್ಬರು ಕೂಗುತ್ತಾರೆ. ಮೊದಲ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ನಾನೆಂದೂ ಅವರು ಕೂಗುವುದನ್ನು ನಿಂತು ನೋಡಿದವಳಲ್ಲ. ನನ್ನ ಅಂಗಡಿ, ಅವರ ಬಂದರು ಎಂದು ದಿನಗಳು ಕಳೆದುಹೋಗಿದ್ದವು. ಬಂಗಡೆ ಬುಟ್ಟಿಗಳ ಸುತ್ತ ಮೀನು ಮಾರುವ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಇವರು ಮಾಸ್ಕನ್ನು ಗದ್ದಕ್ಕೆ ಇಳಿಸಿ ಶುರುಮಾಡಿದರು. ದರ ಏರುತ್ತ ಹೋಯಿತು. ನಡುವೆ ಒಂದು ಕಡೆ ಉಸಿರು ಸಾಲದೆ ಅವರು ನಿಂತರು.

ಅಂಥ ಹೊತ್ತಿನಲ್ಲಿ ಯಾರಾದರೂ ಒಬ್ಬರು ದರ ನಿಂತಲ್ಲೇ ಅಗ್ಗಕ್ಕೆ ಬುಟ್ಟಿ ಎಳೆದುಕೊಳ್ಳಬಹುದಿತ್ತು ಎಂದು ಪಕ್ಕದಲ್ಲಿದ್ದವಳು ಆಮೇಲೆ ನನಗೆ ಹೇಳಿದಳು. ಯಾರೂ ಹಾಗೆ ಮಾಡಲಿಲ್ಲ. ಒಬ್ಬಳು ಎಲೆಯಡಿಕೆ ಬಾಯಿಗಿಟ್ಟುಕೊಂಡಳು, ಇನ್ನೊಬ್ಬಳು ಸುಮ್ಮನೆ ನೀರಿನ ಕಡೆ ನೋಡಿದಳು. ಇವರು ನಿಧಾನವಾಗಿ ಎದೆ ತುಂಬ ಗಾಳಿ ಎಳೆದುಕೊಂಡು ಮುಂದಿನ ದರ ಕೂಗಿದರು.